ಕಲೆಯಕ್ಕನ ಮೂಗು

ಆ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಅಂಟಿಕೊಂಡಂತೆ ಒಂದು ಕಲ್ಲಿನ ಮೇಜಿದೆ. ಅದಕ್ಕೆ ಒಬ್ಬಳೇ ಒಡತಿ. ಬಟ್ಟೆಯ ಮೇಲೆ ಬಿದ್ದ ಕಲೆ ತೆಗೆಯುವುದೇ ಅವಳ ಕೆಲಸವಾದ್ದರಿಂದ ಮಾಲೀಕನಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರೂ ಅವಳನ್ನು ಕಲೆಯಕ್ಕ ಎನ್ನುತ್ತಾರೆ. ಹೆತ್ತವರು ಇಟ್ಟ ಹೆಸರನ್ನು ಆಸ್ಪತ್ರೆಯ ನರ್ಸ್ ಮೊದಲ ಸಲ ಕೂಗಿದಾಗ, ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಅವಳು ಪಕ್ಕದವರ ಮುಖ ನೋಡಿದ್ದಳಂತೆ.

ಕೆಲಸದಲ್ಲಿ ಅವಳದು ಪಳಗಿದ ಕೈ. ಶಾಯಿ, ರಕ್ತ, ಚಹಾ, ತುಕ್ಕು, ಕಂಕುಳಿನ ಬೆವರು, ಯಾವುದೇ ಇರಲಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ಬೆರಳಲ್ಲಿ ಒಮ್ಮೆ ಉಜ್ಜಿ ನೋಡಿದರೆ ಸಾಕು, ಯಾವ ಬಾಟಲಿಗೆ ಕೈ ಹಾಕಬೇಕೆಂದು ಗೊತ್ತಾಗುತ್ತಿತ್ತು. ಮೇಜಿನ ಎಡಕ್ಕೆ ವಿನೆಗರ್ ಮತ್ತು ಅದರ ಅಣ್ಣತಮ್ಮಂದಿರು, ಅಂದರೆ ಹುಳಿ ಜಾತಿಯವು. ಬಲಕ್ಕೆ ಅಮೋನಿಯಾ ಮತ್ತು ಸೋಡಾ ಜಾತಿಯವು. ಸೋಡಾದ ಕಲೆಗೆ ಹುಳಿ, ಹುಳಿಯ ಕಲೆಗೆ ಸೋಡಾ. ಇಷ್ಟು ತಿಳಿದವನಿಗೆ ಅರ್ಧ ವಿದ್ಯೆ ಬಂದ ಹಾಗೆ ಎಂದು ಅವಳ ಗುರು ಹೇಳಿಕೊಟ್ಟಿದ್ದರು. ಉಳಿದರ್ಧ ಏನೆಂದು ಹೇಳುವ ಮೊದಲೇ ಅವರು ತೀರಿಕೊಂಡರು.

ಹರೆಯದಲ್ಲಿ ಆ ಕೋಣೆಗೆ ಕಾಲಿಟ್ಟ ಮೊದಲ ವಾರ ಅಮೋನಿಯಾದ ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಧಾರೆ ಇಳಿಯುತ್ತಿತ್ತು. ಬರಬರುತ್ತಾ ಅದು ನಿಂತಿತು. ಒಗ್ಗಿಹೋಯಿತು ಎಂದುಕೊಂಡಳು. ನಿಜವಾಗಿ ಆಗಿದ್ದೇನೆಂದರೆ ಅವಳ ಮೂಗು ಆ ಒಂದು ವಾಸನೆಯ ಮಟ್ಟಿಗೆ ಕೈ ಚೆಲ್ಲಿ ಕುಳಿತಿತ್ತು. ಹೂವು ತಿಳಿಯುತ್ತಿತ್ತು, ಸುಟ್ಟ ಹಾಲು ತಿಳಿಯುತ್ತಿತ್ತು, ಅಮೋನಿಯಾ ಮಾತ್ರ ಬಾಟಲಿಯನ್ನೇ ಮೂಗಿಗೆ ಹಿಡಿದರೂ ತಿಳಿಯುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಇಸ್ತ್ರಿ ಹಾಕುವ ಅಣ್ಣನದೂ ಅದೇ ಗತಿ. ಇಬ್ಬರೂ ಅದನ್ನೊಂದು ದೊಡ್ಡ ಸಾಧನೆ ಎಂಬಂತೆ ಹೊಸಬರ ಮುಂದೆ ಹೇಳಿಕೊಳ್ಳುತ್ತಿದ್ದರು.

ಗಂಡ ಎನ್ನುವವನು ಮದುವೆಯಾದ ಸ್ವಲ್ಪ ಕಾಲಕ್ಕೇ ಬಿಟ್ಟುಹೋಗಿದ್ದ. ಅವನ ಮಾತು ಇಲ್ಲಿ ಬೇಡ, ಅವಳೂ ಎತ್ತುವುದಿಲ್ಲ. ಅವಳಿಗೆ ತನ್ನವರೆಂದು ಇದ್ದದ್ದು ಒಬ್ಬ ತಂಗಿ. ಆ ತಂಗಿ ಬೆನ್ನುಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಳು. ಮೂತ್ರಕ್ಕೆ ನಳಿಕೆ ಹಾಕಿಸಿಕೊಂಡು ವರ್ಷಗಟ್ಟಲೆ ಮಲಗಿ, ಕಡೆಗೆ ಕಿಡ್ನಿ ಕೆಟ್ಟು ತೀರಿಕೊಂಡಳು. ಹಗಲೆಲ್ಲ ಆ ರೋಗಿಯ ಕೋಣೆಯಲ್ಲಿ ತಾಯಿಯ ಹತ್ತಿರ ಕೂತಿದ್ದವಳು ತಂಗಿಯ ಮಗಳು. ಪುಟ್ಟದಾಗಿದ್ದಾಗ ಕಾಳು ಹೆಕ್ಕಿದಂತೆ ಉಣ್ಣುತ್ತಿದ್ದಳೆಂದು ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ತಂಗಿ ಹೋದ ಮೇಲೆ ಗುಬ್ಬಿಯನ್ನು ಸಾಕಿದವಳು ಕಲೆಯಕ್ಕ. ಓದಿಸಿದಳು, ಜ್ವರ ಬಂದಾಗ ತಲೆಗೆ ಒದ್ದೆ ಬಟ್ಟೆ ಹಾಕಿದಳು, ಬೈದಳು, ಮದುವೆ ಮಾಡಿ ಕಳಿಸಿದಳು. ಕಳಿಸಿದ ಮೇಲೆ ಪ್ರತಿ ರಜೆಯ ದಿನವೂ ಊರಿನ ಆ ತುದಿಗೆ ಬಸ್ಸು ಹತ್ತಿ ಹೋಗಿ, ಮೂರನೇ ಮಹಡಿಯ ಮೆಟ್ಟಿಲು ಹತ್ತಿ, ಇಡೀ ದಿನ ಇದ್ದು ಬರುತ್ತಿದ್ದಳು.

ಅಂಥ ಒಂದು ರಜೆಯ ದಿನ ಗುಬ್ಬಿ ಮನೆಯ ಕಿಟಕಿಗಳನ್ನೆಲ್ಲ ತೆರೆದಳು. ಆಮೇಲೆ ಬಾಲ್ಕನಿಯ ಬಾಗಿಲನ್ನೂ ತೆರೆದಳು. ಆಮೇಲೆ, ತೊಳೆದ ತಟ್ಟೆ ಒರೆಸುತ್ತಾ, ದೊಡ್ಡಮ್ಮನ ಮುಖ ನೋಡದೆ ಹೇಳಿದಳು:

“ದೊಡ್ಡಮ್ಮ, ಬೇಜಾರು ಮಾಡ್ಕೋಬೇಡ. ನಿನ್ನಿಂದ ಒಂಥರಾ ವಾಸನೆ ಬರ್ತಿದೆ. ಒಂದ್ಸಲ ಡಾಕ್ಟರ್‌ಗೆ ತೋರಿಸು.”

ಬೇರೆ ಯಾರಾದರೂ ಆಗಿದ್ದರೆ ತಮ್ಮ ಸೆರಗನ್ನು ಮೂಸಿ ನೋಡಿಕೊಳ್ಳುತ್ತಿದ್ದರು. ಕಲೆಯಕ್ಕನಿಗೆ ಆ ಅನುಮಾನವೇ ಬರಲಿಲ್ಲ. ವಾಸನೆ ಎಂದರೆ ಲಾಂಡ್ರಿಯದು, ಲಾಂಡ್ರಿ ಎಂದರೆ ತನ್ನ ಬದುಕು, ಅದನ್ನು ಕಂಡು ಈ ಹುಡುಗಿ ಮೂಗು ಮುರಿಯುತ್ತಿದ್ದಾಳೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಹೌದಮ್ಮ, ಈಗ ನಾತ ಹೊಡೀತೀನಿ ನಾನು. ಇದೇ ನಾತದಲ್ಲಿ ನಿನ್ನ ಓದು ಆಯ್ತು, ಇದೇ ನಾತದಲ್ಲಿ ನಿನ್ನ ಮದುವೆ ಆಯ್ತು. ಆಗ ಬರ್ಲಿಲ್ವಾ ನಿಂಗೆ ವಾಸನೆ?”

“ಅದಲ್ಲ ದೊಡ್ಡಮ್ಮ, ನಾನು ಹೇಳಿದ್ದು...”

“ಡಾಕ್ಟರ್‌ಗೆ ತೋರಿಸ್ಬೇಕಂತೆ. ದುಡಿಯೋದು ಯಾವಾಗಿಂದ ಕಾಯಿಲೆ ಆಯ್ತು?”

ಹೀಗೆ ಬಾಯಿಗೆ ಬಂದದ್ದು ಅಂದು ಚಪ್ಪಲಿ ಮೆಟ್ಟಿಕೊಂಡು ಇಳಿದುಬಂದಳು. ಗುಬ್ಬಿ ಮೆಟ್ಟಿಲ ತನಕ ಹಿಂದೆ ಬಂದು ಕರೆದದ್ದು ಕಿವಿಗೆ ಬಿತ್ತು, ತಿರುಗಲಿಲ್ಲ. ಆಮೇಲೆ ಆ ಕಡೆಯಿಂದ ಫೋನು ಬಂದಾಗಲೆಲ್ಲ ಎತ್ತಲಿಲ್ಲ. ಫೋನು ಬರುವುದು ನಿಂತ ಮೇಲೆ, ಯಾಕೆ ಬರಲಿಲ್ಲ ಎಂದು ಕಾದಳು. ಮನುಷ್ಯರ ಹಠಕ್ಕೆ ತಲೆಬುಡ ಇರುವುದಿಲ್ಲ, ಇವಳದಕ್ಕಂತೂ ಮೊದಲಿಂದಲೂ ಇರಲಿಲ್ಲ. ರಜೆಯ ದಿನ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತು, ತನ್ನದೇ ನಾಲ್ಕು ಸೀರೆಯಲ್ಲಿ ಇಲ್ಲದ ಕಲೆ ಹುಡುಕತೊಡಗಿದಳು.

ಮೂತ್ರಕ್ಕೆ ಹೋದಾಗ ಉರಿಯುವುದು, ಸೊಂಟದ ಪಕ್ಕದಲ್ಲಿ ಮಂದವಾಗಿ ನೋಯುವುದು ಅವಳಿಗೆ ಹೊಸದೇನಲ್ಲ. ಲಾಂಡ್ರಿಯ ಶೌಚಾಲಯ ಅಂಗಳ ದಾಟಿ ಆ ಕಡೆ. ಬಾಟಲಿ ಸುರಿದ ಬಟ್ಟೆಯನ್ನು ನಡುವೆ ಬಿಟ್ಟು ಎದ್ದರೆ ಬಣ್ಣ ಹೋಗುತ್ತದೆ. ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು, ಬಂದದ್ದನ್ನು ತಡೆದುಕೊಳ್ಳುವುದನ್ನು ಕಲಿತಿದ್ದಳು. ಒಂದು ದಿನ ಮೇಜಿನ ಮುಂದೆ ಹಲ್ಲು ಕಟಕಟ ಎನ್ನುವಷ್ಟು ಚಳಿ ಹತ್ತಿತು. ಇಸ್ತ್ರಿಯಣ್ಣ ಬಿಸಿ ಕೋಟೊಂದನ್ನು ಅವಳ ಮೇಲೆ ಹೊದಿಸಿ, ಅದು ಗಿರಾಕಿಯದೆಂಬುದನ್ನೂ ಮರೆತು, ಅದರ ಸಮೇತ ಅವಳನ್ನು ಆಸ್ಪತ್ರೆಗೆ ಸಾಗಿಸಿದ.

ಕಿಡ್ನಿಯ ತುಂಬ ಕಲ್ಲಿತ್ತು. ಕವಲೊಡೆದ ಕೊಂಬಿನ ಹಾಗೆ ಒಳಗಿನ ಮೂಲೆಮೂಲೆಗೂ ಹಬ್ಬಿತ್ತು. ಬೆನ್ನಲ್ಲಿ ತೂತು ಮಾಡಿ ಅದನ್ನು ಪುಡಿಮಾಡಿ ತೆಗೆದರು. ಆದರೆ ನಡುವೆ ಅವಳ ಉಸಿರು ಕೈಕೊಟ್ಟಿತಂತೆ, ಹಾಗಾಗಿ ಕೈಗೆ ಎಟುಕದ ಒಂದು ಮೂಲೆಯಲ್ಲಿ ಸ್ವಲ್ಪ ಚೂರು ಹಾಗೇ ಉಳಿಯಿತು. ಇನ್ನೊಮ್ಮೆ ಮತ್ತಿನ ಮದ್ದು ಕೊಟ್ಟು ಮಲಗಿಸಲು ಡಾಕ್ಟರು ಒಪ್ಪಲಿಲ್ಲ. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೇಳಿದರು.

“ನಿಮ್ಮದು ಸೋಂಕಿನಿಂದ ಆದ ಕಲ್ಲಮ್ಮ. ಒಳಗೆ ಒಂದು ಕ್ರಿಮಿ ಸೇರ್ಕೊಂಡಿದೆ. ಅದು ಮೂತ್ರದಲ್ಲಿರೋ ಯೂರಿಯಾನ ಒಡೆದು ಅಮೋನಿಯಾ ಮಾಡುತ್ತೆ. ಅದರಿಂದ ಉಪ್ಪೆಲ್ಲ ಗಟ್ಟಿಯಾಗಿ ಕಲ್ಲಾಗಿ ಕೂರುತ್ತೆ. ಆ ಕಲ್ಲೊಳಗೇ ಕ್ರಿಮಿ ಮನೆ ಮಾಡುತ್ತೆ. ನೀವು ಬಂದ ದಿನವೇ ವಾಸನೆಯಿಂದ ನಂಗೆ ಅನುಮಾನ ಬಂದಿತ್ತು.”

“ಅದು ನನ್ನ ಕೆಲಸದ ವಾಸನೆ ಸರ್. ಲಾಂಡ್ರೀಲಿ ಅಮೋನಿಯಾ ಹಾಕ್ತೀವಿ.”

“ಇಲ್ಲಿಗೆ ಬಂದ ಮೇಲೆ ಸ್ನಾನ ಇಲ್ಲೀದೇ, ಬಟ್ಟೆ ಇಲ್ಲೀದೇ. ಕೆಲಸದ್ದು ಯಾವತ್ತೋ ಹೋಯ್ತು. ಇದು ಒಳಗಿಂದು. ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಆಗಿತ್ತಾ?”

ಅವಳು ತಂಗಿಯ ವಿಷಯ ಹೇಳಿದಳು. ನಳಿಕೆ, ಹಾಸಿಗೆ, ಮೇಲಿಂದ ಮೇಲೆ ಬರುತ್ತಿದ್ದ ಜ್ವರ. ಡಾಕ್ಟರು ತಲೆಯಾಡಿಸಿದರು.

“ನಳಿಕೆ ಹಾಕಿದವರಿಗೆ ಇದು ಜಾಸ್ತಿ. ಆ ಕೋಣೇಲೂ ಇದೇ ವಾಸನೆ ಇದ್ದಿರಬೇಕಲ್ವಾ?”

“ನಂಗೆ ಗೊತ್ತಾಗ್ಲಿಲ್ಲ ಸರ್” ಎಂದಳು ಕಲೆಯಕ್ಕ. ಹೇಳಿದ ಮೇಲೆ ಹೊಳೆಯಿತು. ತನಗೆ ಗೊತ್ತಾಗಿರಲಿಲ್ಲ. ಆದರೆ ಆ ಕೋಣೆಯಲ್ಲಿ ಹಗಲೆಲ್ಲ ಕೂತಿದ್ದ ಹುಡುಗಿಗೆ ಗೊತ್ತಿತ್ತು. ತಾಯಿಯನ್ನು ಹೊತ್ತೊಯ್ದ ವಾಸನೆ ಅದು. ಅದೇ ವಾಸನೆ ದೊಡ್ಡಮ್ಮನ ಮೈಯಿಂದ ಬಂದಾಗ ಅವಳು ಕಿಟಕಿ ತೆರೆದಳು, ಏನು ಹೇಳಬೇಕೋ ತಿಳಿಯದೆ ತಟ್ಟೆ ಒರೆಸಿದಳು, ಡಾಕ್ಟರ್‌ಗೆ ತೋರಿಸು ಎಂದಳು. ಕಲೆಯಕ್ಕ ಗೋಡೆಯ ಕಡೆ ಹೊರಳಿ ಮಲಗಿದಳು. ಬೆನ್ನಿನ ಗಾಯ ನೋಯುತ್ತಿದೆಯೇನೋ ಎಂದು ನರ್ಸ್ ಒಂದು ಇಂಜೆಕ್ಷನ್ ಚುಚ್ಚಿ ಹೋದಳು.

ಹಾಗಿದ್ದರೆ ಆಗಲೇ ಫೋನು ಮಾಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮಾಡಬಹುದಿತ್ತು. ಆದರೆ ಕಲೆ ತೆಗೆಯುವವಳು ಕಲೆ ಇರುವ ಬಟ್ಟೆಯನ್ನು ಮರಳಿ ಕೊಡುವುದಿಲ್ಲ. ಅರ್ಧ ಹೋಗಿದೆ, ಇನ್ನರ್ಧಕ್ಕೆ ನಾಳೆ ಬನ್ನಿ ಎಂದು ಅವಳು ಬಾಳಿನಲ್ಲೇ ಯಾರಿಗೂ ಹೇಳಿದವಳಲ್ಲ. ಈ ವಾಸನೆ ಪೂರ್ತಿ ಹೋಗಲಿ, ಆಮೇಲೆ ಆ ಮೆಟ್ಟಿಲು ಹತ್ತುತ್ತೇನೆ, ಅಲ್ಲಿಯ ತನಕ ಇಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಗುಬ್ಬಿಯನ್ನು ಮತ್ತೆ ನೋಡುವುದೋ ಇಲ್ಲವೋ ಎನ್ನುವುದು ಹೀಗೆ ಮಾತ್ರೆಗಳ ಕೈಗೆ ಹೋಯಿತು.

ಮಾತ್ರೆ ಎರಡು ಥರದ್ದು. ಒಂದು ಕ್ರಿಮಿಯನ್ನು ಹದ್ದುಬಸ್ತಿನಲ್ಲಿಡುವ ಆ್ಯಂಟಿಬಯೋಟಿಕ್, ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ಇನ್ನೊಂದು ಕ್ರಿಮಿಯ ಕೈ ಕಟ್ಟಿಹಾಕುವಂಥದು. ಕ್ರಿಮಿ ಇದ್ದರೂ ಅಮೋನಿಯಾ ಮಾಡಲು ಬಿಡುವುದಿಲ್ಲ.

“ಈ ಎರಡನೇದು ಸ್ವಲ್ಪ ಕಾಡುತ್ತೆ” ಎಂದಿದ್ದರು ಡಾಕ್ಟರು. “ತಲೆನೋವು ಬರಬಹುದು, ಕೈ ನಡುಗಬಹುದು, ಕೂದಲು ಉದುರಬಹುದು. ರಕ್ತ ಕಮ್ಮಿ ಆಗ್ತಿದ್ಯಾ ಅಂತ ಆಗಾಗ ನೋಡ್ತಿರ್ತೀನಿ. ಕಾಲು ಊದಿ ನೋವು ಬಂದ್ರೆ ಕಾಯ್ಬೇಡಿ, ತಕ್ಷಣ ಬನ್ನಿ. ಮನೇಲಿ ಯಾರಿಗಾದ್ರೂ ಇದನ್ನೆಲ್ಲ ಹೇಳಿಟ್ಟಿರಿ.”

“ಹೇಳಿಟ್ಟಿರ್ತೀನಿ ಸರ್” ಎಂದು ಬಂದಳು. ಬೀಗ ತೆಗೆದು ಒಳಗೆ ಹೋದರೆ ಹೇಳುವುದಕ್ಕೆ ಒಂದು ಬೆಕ್ಕೂ ಇರಲಿಲ್ಲ. ಸ್ಟೌವ್ ಹಚ್ಚಿ ನೀರಿಟ್ಟು, ಅದು ಕುದಿಯುವ ತನಕ ಸುಮ್ಮನೆ ಅದರ ಮುಂದೆ ನಿಂತಿದ್ದಳು.

ಅವಳ ಒಂಟಿತನ ಅದುವರೆಗೆ ಒಂದು ಥರದ್ದಾಗಿತ್ತು, ಆವತ್ತಿನಿಂದ ಇನ್ನೊಂದು ಥರದ್ದಾಯಿತು. ಮೊದಲು ಯಾರೂ ಇಲ್ಲ ಎಂಬುದಷ್ಟೇ ಇತ್ತು. ಈಗ, ಇದ್ದವರು ಯಾರು ಯಾರು ಯಾವಾಗ ದೂರ ಸರಿದರು ಎಂಬ ಲೆಕ್ಕಾಚಾರ ಶುರುವಾಯಿತು. ಎದುರುಮನೆಯಾಕೆ ಬಂದು ಕೂರುವುದನ್ನು ಬಿಟ್ಟದ್ದು ಯಾಕೆ? ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲೆ ಇಡುತ್ತಿದ್ದದ್ದು ಯಾಕೆ? ಬಸ್ಸಿನಲ್ಲಿ ತನ್ನ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಇರುತ್ತಿದ್ದದ್ದು? ಎಲ್ಲವೂ ಅದರಿಂದಲೇ ಇರಬಹುದು, ಯಾವುದೂ ಅದರಿಂದಲ್ಲದೆಯೂ ಇರಬಹುದು. ತಿಳಿದುಕೊಳ್ಳಲು ಅವಳ ಹತ್ತಿರ ಮೂಗಿರಲಿಲ್ಲ. ಎಲ್ಲರಿಗೂ ಗೊತ್ತಿರುವ, ತನ್ನ ಮೈಯದೇ ಆದ ಒಂದು ಸಂಗತಿ ತನಗೊಬ್ಬಳಿಗೆ ಗೊತ್ತಿಲ್ಲ ಎನ್ನುವುದು ಅವಳನ್ನು ಒಳಗೊಳಗೇ ತಿಂದುಹಾಕಿತು.

ಒಮ್ಮೆ ತಡೆಯಲಾರದೆ ಇಸ್ತ್ರಿಯಣ್ಣನನ್ನೇ ಕೇಳಿದಳು.

“ಅಣ್ಣ, ನಿಜ ಹೇಳು. ನನ್ನಿಂದ ವಾಸನೆ ಬರುತ್ತಾ?”

“ಈ ಕೋಣೇಲಿ ಯಾರಿಂದ ಬರಲ್ಲ ಹೇಳು” ಎಂದ ಅವನು, ಕಾಲರ್ ಮೇಲಿಂದ ಕಣ್ಣೆತ್ತದೆ. “ನನ್ನ ಹೆಂಡ್ತಿ ಬಾಗಿಲಲ್ಲೇ ನಿಲ್ಸಿ ಅಂಗಿ ಬಿಚ್ಚಿಸ್ತಾಳೆ. ಏನೋ ಪ್ರೀತಿ ಅಂದ್ಕೊಂಡು ಇಷ್ಟು ವರ್ಷ ಖುಷಿಪಟ್ಟೆ.”

ಅವಳು ನಕ್ಕಳು. ನಗು ಮುಗಿದ ಮೇಲೆ ಪ್ರಶ್ನೆ ಇದ್ದ ಕಡೆಯೇ ಇತ್ತು.

ಮಾತ್ರೆ ಕಾಡಿತು. ಬಾಚಣಿಗೆಯ ತುಂಬ ಕೂದಲು ಬರತೊಡಗಿತು, ಬಂದರೆ ಬರಲಿ ಎಂದಳು. ಕೈ ನಡುಗತೊಡಗಿದಾಗ ಮಾತ್ರ ಹೆದರಿದಳು. ಹನಿ ಹನಿಯಾಗಿ ಬಿಡಬೇಕಾದ ದ್ರಾವಣ ರೇಷ್ಮೆಯ ಮೇಲೆ ಚೆಲ್ಲಿತು. ಮಾಲೀಕ ಬೈಯಲಿಲ್ಲ, ಕೆಲವು ದಿನ ಗುಂಡಿ ಹೊಲಿಯುವುದನ್ನು ನೋಡಿಕೋ ಎಂದ. ಬೈದಿದ್ದರೆ ವಾಸಿಯಿತ್ತು. ಕಲ್ಲಿನ ಮೇಜನ್ನು ಬಿಟ್ಟು ಮೂಲೆಯ ಸ್ಟೂಲಿನ ಮೇಲೆ ಸೂಜಿ ಹಿಡಿದು ಕೂತಾಗ ಅವಳಿಗೆ ಒಂದು ಯೋಚನೆ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಒಳ್ಳೆಯದಿತ್ತು.

ಅಮೋನಿಯಾ ಎಂದರೆ ಸೋಡಾ ಜಾತಿ. ಸೋಡಾಕ್ಕೆ ಹುಳಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬೆಳ್ಳಗೆ ಕಟ್ಟುವ ಪೊರೆಯನ್ನು ನಿಂಬೆಹಣ್ಣು ನೋಡನೋಡುತ್ತಾ ಕರಗಿಸುವುದಿಲ್ಲವೇ? ಹೊಟ್ಟೆಯೊಳಗಿನ ಚೂರು ಯಾವ ದೊಡ್ಡ ಲೆಕ್ಕ? ಡಾಕ್ಟರಿಗೆ ಕಲ್ಲು ಗೊತ್ತು, ಕಲೆ ಗೊತ್ತಿಲ್ಲ ಎಂದುಕೊಂಡಳು. ಎರಡನೇ ಮಾತ್ರೆಯನ್ನು ಗುಟ್ಟಾಗಿ ನಿಲ್ಲಿಸಿದಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಲೋಟಗಟ್ಟಲೆ ನಿಂಬೆರಸ ಹಿಂಡಿಕೊಂಡು ಕಣ್ಣುಮುಚ್ಚಿ ಕುಡಿದಳು. ಹಲ್ಲು ಚುಳ್ಳೆಂದವು, ಹೊಟ್ಟೆ ಉರಿಯಿತು, ಕೈನಡುಕ ನಿಂತಿತು. ಮತ್ತೆ ಕಲ್ಲಿನ ಮೇಜು ಸಿಕ್ಕಿತು. ಗೆದ್ದೆ ಎಂದು ಬೀಗಿದಳು. ಗುಬ್ಬಿಯ ಮನೆಗೆ ಹೋಗುವಾಗ ಉಡುವ ಸೀರೆಯನ್ನು ತೆಗೆದಿಟ್ಟಳು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ವರದಿ ನೋಡಿದರು, ಚಿತ್ರ ನೋಡಿದರು, ಅವಳನ್ನು ನೋಡಿದರು.

“ಚೂರು ದೊಡ್ಡದಾಗಿದೆ. ಏನು ಮಾಡಿದ್ರಿ?”

ಅವಳು ಹೇಳಿದಳು. ನಡುವೆ ಬಾಯಿ ಹಾಕದೆ ಕೇಳಿ, ಅವರು ಹಣೆ ಉಜ್ಜಿಕೊಂಡರು.

“ನಿಂಬೆ ಬಾಯಲ್ಲಿ ಹುಳಿ ಕಣಮ್ಮ. ಒಳಗೆ ಹೋಗಿ ಕರಗಿ, ಮೂತ್ರಕ್ಕೆ ಬರೋ ಹೊತ್ತಿಗೆ ಅದರ ಗುಣ ಉಲ್ಟಾ, ಸೋಡಾ ಥರ ಆಗುತ್ತೆ. ಬೇರೆ ಥರ ಕಲ್ಲಿನವರಿಗೆ ನಾನೇ ಕುಡೀರಿ ಅಂತೀನಿ. ನಿಮ್ಮ ಕಲ್ಲಿಗೆ ಅದು ಊಟ ಬಡಿಸಿದ ಹಾಗೆ. ಮೇಲಿಂದ ಮಾತ್ರೆ ಬೇರೆ ಬಿಟ್ಟಿದ್ದೀರಿ. ಕೈ ನಡುಗುತ್ತೆ ಅಂತ ಒಂದು ಮಾತು ಹೇಳಿದ್ರೆ ನಾನು ಕಮ್ಮಿ ಮಾಡಿ ಕೊಡ್ತಿದ್ದೆ. ಯಾಕೆ ಕೇಳ್ಲಿಲ್ಲ?”

ಕೇಳುವುದು ಅವಳಿಗೆ ಬರುತ್ತಿರಲಿಲ್ಲ. ಗುಬ್ಬಿಯ ಮನೆಯಲ್ಲೂ ಏನು ವಾಸನೆ, ಯಾವ ಥರದ್ದು ಎಂದು ಒಂದು ಮಾತು ಕೇಳಿದ್ದರೆ ಇಷ್ಟು ದೂರ ಬರುತ್ತಲೇ ಇರಲಿಲ್ಲ. ಆಸ್ಪತ್ರೆಯ ಮುಂದಿನ ಬೆಂಚಿನ ಮೇಲೆ ಕೂತು, ಹೋಗಿ ಬರುವವರ ಪರಿವೆಯಿಲ್ಲದೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಆಮೇಲೆ ಒಂದು ಹೊತ್ತೂ ತಪ್ಪಿಸಲಿಲ್ಲ. ಕಡಿಮೆ ಮಾಡಿಕೊಟ್ಟ ಮಾತ್ರೆಯನ್ನು ಊಟಕ್ಕಿಂತ ಕಟ್ಟುನಿಟ್ಟಾಗಿ ನುಂಗಿದಳು. ನೀರಿನ ಬಾಟಲಿಯೊಂದು ಬೇರೆ ಬಾಟಲಿಗಳ ನಡುವೆ ಮೇಜಿಗೆ ಬಂತು. ಗಿರಾಕಿ ಕಾದರೂ ಸರಿ ಎಂದು ಅಂಗಳ ದಾಟಿ ಹೋಗಿ ಬರುತ್ತಿದ್ದಳು. ಮೂತ್ರದಲ್ಲಿ ಅದ್ದಿ ನೋಡುವ ಬಣ್ಣದ ಕಾಗದದ ಪಟ್ಟಿ ಕೊಟ್ಟಿದ್ದರು. ನೀಲಿಗೆ ತಿರುಗಿದರೆ ಕೆಟ್ಟದ್ದು, ಹಳದಿಯ ಕಡೆ ಬಂದರೆ ಒಳ್ಳೆಯದು. ಬಣ್ಣ ನೋಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮಳೆಗಾಲ ಕಳೆದು ಚಳಿ ಬಂತು, ಚಳಿ ಕಳೆದು ಸೆಕೆ ಬಂತು, ಪಟ್ಟಿ ನಿಧಾನವಾಗಿ ನೀಲಿ ಬಿಟ್ಟು ಹಸಿರಿಗೆ, ಹಸಿರು ಬಿಟ್ಟು ಹಳದಿಗೆ ಬಂದು ನಿಂತಿತು. ಮೂತ್ರದಲ್ಲಿ ಕ್ರಿಮಿ ಕಾಣುತ್ತಿಲ್ಲ, ಚೂರು ಬೆಳೆದಿಲ್ಲ ಎಂದರು ಡಾಕ್ಟರು.

“ವಾಸನೆ ಹೋಗಿದ್ಯಾ ಸರ್?”

“ರಿಪೋರ್ಟ್ ಚೆನ್ನಾಗಿದೆಯಲ್ಲಮ್ಮ, ಇನ್ನೆಲ್ಲಿಯ ವಾಸನೆ? ಆದ್ರೆ ಚೂರು ಇರೋ ತನಕ ಮತ್ತೆ ಬರಲ್ಲ ಅಂತ ನಾನು ಮಾತು ಕೊಡಲ್ಲ. ಹುಷಾರಾಗಿರಿ.”

ಅವಳಿಗೆ ಸಮಾಧಾನವಾಗಲಿಲ್ಲ. ಅಂದು ಬಸ್ಸಿನಲ್ಲಿ ಒಬ್ಬಾಕೆ ಬಂದು, ಬೇರೆ ಸೀಟುಗಳು ಖಾಲಿಯಿದ್ದರೂ, ಅವಳ ಪಕ್ಕದಲ್ಲೇ ಕೂತಳು. ಕಲೆಯಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಂದು ನಿಲ್ದಾಣ ದಾಟುವಷ್ಟರಲ್ಲಿ ಆಕೆ ಕರ್ಚೀಫು ತೆಗೆದು ಸೊರ್ರೆಂದು ಮೂಗು ಒರೆಸಿಕೊಂಡು, “ನೆಗಡಿ ಅಂದ್ರೆ ನೆಗಡಿ, ಒಂದು ವಾರದಿಂದ ಮೂಗೇ ಇಲ್ಲ ನಂಗೆ” ಎಂದಳು. ಕಲೆಯಕ್ಕ ಕಿಟಕಿಯ ಕಡೆ ತಿರುಗಿ ಕೂತಳು.

ಮುಂದಿನ ರಜೆಯ ದಿನ ಅವಳು ಮೂರನೇ ಮಹಡಿಯ ಮೆಟ್ಟಿಲು ಹತ್ತಿದಳು. ಬಾಗಿಲು ತಟ್ಟಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಮೆಟ್ಟಿಲ ಕಟಕಟೆಗೆ ಬೆನ್ನು ತಾಗಿಸಿ ನಿಂತಳು. ಬಾಗಿಲು ತೆಗೆದ ಗುಬ್ಬಿ ಸ್ವಲ್ಪ ದಪ್ಪಗಾಗಿದ್ದಳು. ದೊಡ್ಡಮ್ಮನ ತೆಳ್ಳಗಾದ ಕೂದಲನ್ನು, ಸೊರಗಿದ ಕತ್ತನ್ನು ನೋಡುತ್ತಾ ನಿಂತಳು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದಳು.

“ಒಳಗೆ ಬರಲ್ಲ” ಎಂದಳು ಕಲೆಯಕ್ಕ. “ಒಂದು ಕೇಳ್ಬೇಕಿತ್ತು. ಹತ್ತಿರ ಬಂದು ಮೂಸಿ ನೋಡು. ವಾಸನೆ ಇದ್ಯಾ ಹೇಳು.”

ಗುಬ್ಬಿ ಬಂದಳು. ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಅವಳ ಕತ್ತಿನ ಹತ್ತಿರ ಮುಖವಿಟ್ಟು ಉಸಿರೆಳೆದುಕೊಂಡಳು. ತೆಗೆಯದೆ ಬಹಳ ಹೊತ್ತು ಹಾಗೇ ಇದ್ದಳು.

“ಇದೆ” ಎಂದಳು.

ಕಲೆಯಕ್ಕ ಮೆಟ್ಟಿಲ ಕಡೆ ತಿರುಗಿದಳು.

“ಲಾಂಡ್ರಿದು ಇದೆ. ಇದು ಯಾವಾಗ್ಲೂ ಇತ್ತು ದೊಡ್ಡಮ್ಮ, ಇದನ್ನ ಮೂಸಿಕೊಂಡೇ ಮಲಗ್ತಿದ್ದೆ ನಾನು. ಅಮ್ಮಂದು ಇಲ್ಲ. ಅದು ಹೋಗಿದೆ.”

ಎರಡರ ನಡುವಿನ ಭೇದ ತಿಳಿದಿದ್ದವಳು ಲೋಕದಲ್ಲಿ ಒಬ್ಬಳೇ ಇದ್ದಳು, ಅವಳ ಮುಖಕ್ಕೇ ತಾನು ಬಾಗಿಲು ಹಾಕಿಕೊಂಡು ಕೂತಿದ್ದಳು. ಕಲೆಯಕ್ಕನಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಕಟಕಟೆಯನ್ನು ಹಿಡಿದುಕೊಂಡು, ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿಲ್ಲದವಳು ಕೇಳಿದಳು.

“ಮತ್ತೆ ಬಂದ್ರೂ ಬರಬಹುದಂತೆ. ಬಂದ್ರೆ ನಂಗೆ ಗೊತ್ತಾಗಲ್ಲ ಗುಬ್ಬಿ. ವಾರಕ್ಕೊಂದ್ಸಲ ಬರ್ಲಾ?”

“ಬಾ. ವಾಸನೆ ಬಂದ್ರೆ ಹೇಳ್ತೀನಿ” ಎಂದಳು ಗುಬ್ಬಿ. “ಆದ್ರೆ ಹೇಳಿದ್ ತಕ್ಷಣ ಎದ್ದು ಹೋಗ್ಬಾರ್ದು.”

“ಹೋಗಲ್ಲ” ಎಂದಳು ಕಲೆಯಕ್ಕ.